ನೆರಳಿನ ಅಂಚಿನ ಕಲ್ಲು

ರೊಟ್ಟಿ ಗಂಟು ಬಿಚ್ಚುವ ಮುನ್ನ ಸರುಬಾಯಿ ಅದನ್ನು ಮೂರು ಸಲ ಜಾಡಿಸಿದಳು. ಬೇವಿನ ಬುಡ ನೋಡಿದಳು, ಕೂಡುವ ಜಾಗ ನೋಡಿದಳು, ಆಮೇಲೆ ಕೂತಳು. ಹುಮನಾಬಾದಿನ ಬಸ್ಸು ಆಗಷ್ಟೇ ಹಾಯ್ದು ಹೋಗಿತ್ತು. ಹೊಲದವರಿಗೆ ಅದೇ ಊಟದ ಗಂಟೆ. ಅತ್ತ ತೊಗರಿಯ ಬದುವಿನ ಮೇಲೆ ಕೂಲಿ ಟೋಳಿಯ ಹೆಂಗಸರೆಲ್ಲ ದುಂಡಗೆ ಕೂತು ಉಣ್ಣುತ್ತಿದ್ದರು. ಅವರ ನಗೆ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಒಂದು ವರ್ಷದಿಂದ ಹೀಗೆ ಒಬ್ಬಳೇ ಉಂಡು ಅವಳಿಗೆ ಸಾಕಾಗಿತ್ತು.

ಸರುಬಾಯಿ ಪುಕ್ಕಲಿ ಎಂದರೆ ದುಬಲಗುಂಡಿಯಲ್ಲಿ ಯಾರೂ ನಂಬುವುದಿಲ್ಲ. ಗಂಡ ಸತ್ತ ಮೇಲೆ ಮಗಳನ್ನು ಬೆಳೆಸಿ ಬಸವಕಲ್ಯಾಣಕ್ಕೆ ಕೊಟ್ಟವಳು, ಹಾವನ್ನು ಕಳೆ ತೆಗೆಯುವ ಕುರ್ಪಿಯ ಹಿಡಿಯಿಂದ ಹೊಡೆದವಳು. ಆದರೆ ತೊಗರಿಯ ಹಸಿರು ಹುಳ ಕಂಡರೆ ಮುಗಿಯಿತು, ಕೈಕಾಲು ತಣ್ಣಗಾಗಿ ಉಸಿರೇ ನಿಲ್ಲುತ್ತಿತ್ತು. ಚಿಕ್ಕಂದಿನಿಂದಲೂ ಹಾಗೆ. ಯಾಕೆಂದು ಅವಳಿಗೂ ತಿಳಿಯದು. ಕಾಯಿ ಹಿಡಿಯುವ ಕಾಲಕ್ಕೆ ಗಿಡ ಅಲ್ಲಾಡಿಸಿ, ಕೆಳಗೆ ಹಾಸಿದ ಚೀಲದ ಮೇಲೆ ಹುಳ ಉದುರಿಸುವುದು ಇಲ್ಲಿಯ ಹೆಂಗಸರ ಕೆಲಸ. ಆ ದಿನಗಳಲ್ಲಿ ಹೊಲದ ಒಡೆಯ ಅವಳನ್ನು ಪಕ್ಕದ ಜೋಳಕ್ಕೆ ಕಳೆ ತೆಗೆಯಲು ಕಳಿಸುತ್ತಿದ್ದ. ಊಟಕ್ಕೆ ಮಾತ್ರ ಅವಳು ಟೋಳಿಗೆ ಬಂದು ಮುನ್ನಿ ಬೀಯ ಪಕ್ಕ ಕೂಡುತ್ತಿದ್ದಳು. ಇಪ್ಪತ್ತು ವರ್ಷ ಇಬ್ಬರೂ ಒಂದೇ ಡಬ್ಬಿಯ ಶೇಂಗಾ ಹಿಂಡಿಗೆ ಕೈ ಹಾಕಿದವರು.

ಹೋದ ವರ್ಷ ಊಟಕ್ಕೆ ಕೂತಾಗ ಆ ಮುನ್ನಿ ಬೀಯೇ ಅವಳ ಉಡಿಗೆ ಹುಳ ಹಾಕಿದಳು. ಕೇಡು ಬಗೆದಲ್ಲ. ಒಮ್ಮೆ ಮೈಮೇಲೆ ಹರಿದಾಡಿದರೆ ಅಂಜಿಕೆ ಬಿಡುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು, ಮುನ್ನಿ ಬೀಯೂ ನಂಬಿದ್ದಳು. ಅಂಜಿದವರ ಮೇಲೆ ಕಪ್ಪೆ ಒಗೆದಂತಾಯಿತು. ಸರುಬಾಯಿ ಸೆರಗು ಕಿತ್ತೊಗೆದು, ಚೀರುತ್ತ ಹೊಲದ ತುಂಬ ಓಡಿದಳು. ಟೋಳಿ ಹೊಟ್ಟೆ ಹಿಡಿದು ನಕ್ಕಿತು. ಗೆಳತಿಯ ಮೇಲಿನ ಸಿಟ್ಟು ಯುಗಾದಿಯೊಳಗೇ ಇಳಿದಿತ್ತು. ಇಳಿಯದೆ ಉಳಿದದ್ದು ಅಂಜಿಕೆ. ಈಗ ಅವಳಿಗೆ ಹುಳದಷ್ಟೇ ಮನುಷ್ಯರ ಕೈಯೂ ಅಂಜಿಕೆ ತರುತ್ತಿತ್ತು.

ತುತ್ತು ಮುರಿದು ತಲೆ ಎತ್ತಿದರೆ ಮುನ್ನಿ ಬೀ ಡಬ್ಬಿ ಹಿಡಿದು ಇತ್ತಲೇ ಬರುತ್ತಿದ್ದಳು.

“ಅಲ್ಲೇ ನಿಲ್ಲು!” ಸರುಬಾಯಿ ಚೀರಿದಳು.

“ನಿಂತೀನಿ, ನಿಂತೀನಿ. ನೀ ಬಾ ಅನ್ನೂತನ ಬರಂಗಿಲ್ಲ.” ಮುನ್ನಿ ಬೀ ಡಬ್ಬಿ ಕೆಳಗಿಟ್ಟು ಸೆರಗು ಜಾಡಿಸಿದಳು. ಸೊಂಟದ ಎಲೆಯಡಿಕೆ ಚೀಲ ತಿರುವಿ ತೋರಿಸಿದಳು. ಆಮೇಲೆ ಎರಡೂ ಅಂಗೈ ಬಿಡಿಸಿ ಹಿಡಿದಳು.

“ಯಾರ್ ಕಳಿಸ್ಯಾರ ನಿನ್ನ?”

“ಯಾರ್ ಕಳಿಸ್ತಾರ? ವರ್ಷಾತು, ನೀ ಒಬ್ಬಾಕೀನ ಉಣ್ಣೂದು ನೋಡಾಕತ್ತೀನಿ. ನಂದೇ ಗಲತಿ, ಸರು. ಅದು ಚಾಷ್ಟಿ ಮಾಡೂವಂಥದ್ದಲ್ಲ ಅಂತ ನನಗ ತಿಳೀಲಿಲ್ಲ.”

ಬಾ ಎನ್ನಬೇಕೆಂದು ಸರುಬಾಯಿಗೆ ಅನ್ನಿಸಿತು. ಆದರೆ ಕಣ್ಣು ಆ ಅಂಗೈಗಳನ್ನು ಬಿಡಲಿಲ್ಲ; ಕೂತಲ್ಲೇ ಬೇವಿನ ಬುಡದತ್ತ ಹಿಂದೆ ಸರಿದಳು.

“ಇರಲಿ ಬಿಡು. ಅಂಜಿಕಿ ಏನ್ ನಾ ಹೇಳಿದ್ದು ಕೇಳ್ತದ?” ಎಂದು ಮುನ್ನಿ ಬೀ ನಿಂತಲ್ಲೇ ಕೂತು ಬುತ್ತಿ ಬಿಚ್ಚಿದಳು. ಬೇವಿನ ನೆರಳು ಅಲ್ಲಿಯವರೆಗೆ ಬರುತ್ತಿರಲಿಲ್ಲ. ಇಬ್ಬರೂ ಅಲ್ಲಲ್ಲೇ ಕೂತು ಉಂಡರು.

ಮರುದಿನವೂ ಮುನ್ನಿ ಬೀ ಬಿಸಿಲಲ್ಲೇ ಕೂತು ಉಂಡಳು. ಅದರ ಮರುದಿನವೂ. ಬದುವಿನ ಮೇಲಿಂದ ಯಾರೋ ಕೂಗಿ ಅಣಕಿಸಿದರೆ, “ನಿಮ್ಮ ಉಡೀಗಿ ಹಾವ್ ತಂದ್ ಹಾಕ್ಲೇನು?” ಎಂದು ಬಾಯಿ ಮುಚ್ಚಿಸಿದಳು.

ನಾಲ್ಕನೆಯ ದಿನ ಸರುಬಾಯಿ ಬಸ್ಸಿಗಿಂತ ಮೊದಲೇ ಬೇವಿನ ಬುಡಕ್ಕೆ ಬಂದಳು. ಬದುವಿನಿಂದ ಒಂದು ಕಲ್ಲು ಹೊತ್ತು ತಂದು, ಎಲ್ಲಿಡಬೇಕೆಂದು ಬಹಳ ಹೊತ್ತು ನಿಂತು, ನೆರಳಿನ ಅಂಚಿನೊಳಗೆ ಇಟ್ಟಳು.

“ಆ ಕಲ್ಲಿನತನ ಬಾ,” ಎಂದಳು ಮುನ್ನಿ ಬೀ ಬಂದಾಗ.

ಮುನ್ನಿ ಬೀ ಸೆರಗು ಜಾಡಿಸಿದಳು, ಅಂಗೈ ತೋರಿಸಿದಳು. ನಡೆದು ಬಂದು ಕಲ್ಲಿಗೆ ಒಂದು ಹೆಜ್ಜೆ ಹಿಂದೆಯೇ ಕೂತಳು. ಅವಳ ಮೊಣಕಾಲು ನೆರಳಲ್ಲಿತ್ತು, ಬೆನ್ನು ಇನ್ನೂ ಬಿಸಿಲಲ್ಲೇ ಇತ್ತು.