ಅಣ್ಣನ ತೋಳು, ತಮ್ಮನ ತಲೆ

ಸಮಸ್ತ ಓದುಗ ಮಹಾಶಯರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕ್ಷೌರದಂಗಡಿ ಅಣ್ಣನ ಬಲತೋಳು ಕಿವಿಯ ಮಟ್ಟ ದಾಟಿ ಮೇಲೇಳುತ್ತಿಲ್ಲ. ದಯವಿಟ್ಟು ಎಲ್ಲರೂ ಎದ್ದು ನಿಲ್ಲತಕ್ಕದ್ದು. (ಕೂತೇ ಓದುತ್ತೀರಾ? ಪರವಾಗಿಲ್ಲ, ಅಣ್ಣನ ಗಿರಾಕಿಗಳೂ ಕೂತೇ ಇರುತ್ತಾರೆ.)

ಶುರು ಎಲ್ಲಿಂದ? ತೋಳಿನಿಂದಲೋ, ತಲೆಯಿಂದಲೋ?

೧. ತೋಳಿನಿಂದ. ಭುಜದಲ್ಲಿ ಸಿಡಿಲು ಬಡಿಯಿತು, ಆಕಾಶ ಬಿರಿಯಿತು...

"ಆಕಾಶ ಯಾಕ್ರೀ ಬಿರಿಯುತ್ತೆ?" ಕಥೆಯೊಳಗಿಂದಲೇ ಅಣ್ಣ ಕೇಳಿದ. "ಚಳುಕ್ ಅಂತು, ಅಷ್ಟೆ. ಇದ್ದದ್ದು ಬರೀರಿ."

ಆ ಸಾಲು ಹೊಡೆದು ಹಾಕಿದೆ.

೨. ತಲೆಯಿಂದ. ತಲೆ ಅಣ್ಣನ ತಮ್ಮನದು. ಹಾಲುಹಲ್ಲಿನ ಕಾಲದಿಂದಲೂ ಅದಕ್ಕೆ ಬೇರೆಯವರ ಕತ್ತರಿ ತಾಗಿಲ್ಲ. ಈಗ ಆ ತಲೆಗೆ ಮದುವೆ. ಎದುರು ಕ್ಷೌರದಂಗಡಿಯ ಜೆಲ್ ರಾಜ "ಮದುಮಗನ್ನ ನನ್ನ ಹತ್ರ ಕಳಿಸು, ಫ್ರೀ" ಅಂದಾಗಿನಿಂದ ಅಣ್ಣನಿಗೆ ಅನ್ನ ಇಳಿಯುತ್ತಿಲ್ಲ. ಕೈ ಏಳದಿದ್ದರೆ ಮಾನ ಉಳಿಯದು.

೩. ಫಿಸಿಯೋ ಮೇಡಂ ತೋಳು ಒತ್ತಿ, ತಿರುಗಿಸಿ, ಅಣ್ಣನ ಬಾಯಿಂದ ಸಪ್ತಸ್ವರ ಹೊರಡಿಸಿದರು. "ಮಾಂಸಖಂಡನ ಮೂಳೆಗೆ ಕಟ್ಟಿರೋ ಹುರಿ ಎಳೆ ಬಿಟ್ಟಿದೆ. ಪುಣ್ಯಕ್ಕೆ ಪೂರ್ತಿ ಹರಿದಿಲ್ಲ. ಏನು ಎತ್ತಿದ್ರಿ?"

"ಎತ್ತೋದೇನು ಮೇಡಂ, ಕತ್ತರಿ."

"ಕೆಲಸ ಹೇಗೆ ಮಾಡ್ತೀರಾ, ತೋರಿಸಿ."

ಅಣ್ಣ ಗಾಳಿಯಲ್ಲೇ ಗಿರಾಕಿಯನ್ನು ಕೂರಿಸಿದ, ಕತ್ತರಿಸಿದ, ಕೊನೆಗೆ ಅವನ ಕುತ್ತಿಗೆಗೆ ಕಟ್ಟಿದ್ದ ಇಲ್ಲದ ಬಟ್ಟೆಯನ್ನು ತೆಗೆದು ಫಟಾರನೆ ಒದರಿದ.

"ಅಯ್ಯಯ್ಯಯ್ಯೋ!"

"ಸಿಕ್ಕಿಬಿದ್ದ ಕಳ್ಳ!" ಮೇಡಂ ಚಪ್ಪಾಳೆ ತಟ್ಟಿದರು.

ಇಡೀ ಬೀದಿಗೆ ಕೇಳುವಂತೆ ಬಟ್ಟೆ ಒದರುವುದೇ ಅಣ್ಣನ ಜಾಹೀರಾತು. ಕತ್ತರಿ ಪಾಪದ್ದು. ತೋಳು ತಿಂದದ್ದು ಪಬ್ಲಿಸಿಟಿ.

೪. ಗುಣವಾಗುವ ಅಧ್ಯಾಯ. (ಬೋರ್. ಗುಣವಾಗುವುದೇ ಬೋರ್, ಅದಕ್ಕೇ ಜನ ಅರ್ಧಕ್ಕೆ ಬಿಡುವುದು.) ಮೊದಲು ವಿಶ್ರಾಂತಿ, ಐಸು. ಆಮೇಲೆ ಗೋಡೆಯ ಮೇಲೆ ಬೆರಳುಗಳ ವಾಕಿಂಗ್. ಆಮೇಲೆ ನೀರಿನ ಬಾಟಲಿಯನ್ನು ಮೆಲ್ಲಗೆ ಎತ್ತಿ, ಇನ್ನೂ ಮೆಲ್ಲಗೆ ಇಳಿಸುವುದು.

"ಒಂದೇ ಪ್ಯಾರಾದಲ್ಲಿ ವಾಸಿ ಮಾಡಿಬಿಡ್ರೀ, ಕಥೆ ನಿಮ್ದೇ ತಾನೆ?" ಅಣ್ಣ ಮಸ್ಕಾ ಹೊಡೆದ.

"ಕಥೆ ನಂದು ಕಣಪ್ಪಾ, ಹುರಿ ನಿಂದು."

ಅಣ್ಣನ ಹೆಂಡತಿಯಂತೂ ಮನೆಯ ಟವೆಲುಗಳನ್ನೆಲ್ಲ ಬಚ್ಚಿಟ್ಟಳು. ಕೈಗೆ ಸಿಕ್ಕಿದರೆ ಒದರುತ್ತಿದ್ದ. "ಸ್ವಲ್ಪ ಸುಮ್ನಿರ್ರೀ! ಮದುವೆ ನಿಮ್ಮ ತಮ್ಮಂದು, ಕುಣಿತ ನಿಮ್ಮ ತೋಳಿಂದು."

೫. ಕೊನೆಗೊಂದು ಸಂಜೆ ಮೇಡಂ ಅಂದರು: "ನಾಳೆಯಿಂದ ಕತ್ತರಿ ಹಿಡೀಬಹುದು. ಒಂದೇ ತಲೆ."

ಮದುವೆಯೂ ನಾಳೆಯೇ, ಸಂಜೆಗೆ! ಬೆಳಿಗ್ಗೆ ತಮ್ಮ ಕುರ್ಚಿಯೇರಿದ. ಅಣ್ಣ ಅವನ ಕುತ್ತಿಗೆಗೆ ಬಟ್ಟೆ ಕಟ್ಟಿದ. ತೋಳು ಎದ್ದಿತು. ಕಿವಿ ದಾಟಿತು. ಕತ್ತರಿ ಗಾಳಿಯಲ್ಲಿ ಟಿಕ್ ಟಿಕ್ ಅಂದಿತು.

"ಅಧ್ಯಕ್ಷರೇ," ಬಾಗಿಲಿಗೆ ಒರಗಿ ಜೆಲ್ ರಾಜ ಹಲ್ಲು ಕಿರಿದ, "ಇವತ್ತು ವಾರದ ರಜೆ."

ತಿಂಗಳುಗಟ್ಟಲೆ ಮನೆಯಲ್ಲಿ ಕೂತವನಿಗೆ ದಿನವೂ ರಜೆಯೇ, ವಾರದ ರಜೆ ಎಲ್ಲಿ ನೆನಪಿರಬೇಕು! ಆದರೆ ರಜೆಯ ದಿನ ಅಂಗಡಿಯಲ್ಲಾಗಲಿ ಮನೆಯಲ್ಲಾಗಲಿ, ನೆಂಟನಿಗಾಗಲಿ ದೇವರಿಗಾಗಲಿ, ಕ್ಷೌರಿಕರ ಸಂಘದ ಯಾರೂ ಕೆಲಸ ಮಾಡಕೂಡದು ಎಂಬ ನಿಯಮವನ್ನು ಮೇಜು ಗುದ್ದಿ ಪಾಸು ಮಾಡಿಸಿದ್ದು ಅಧ್ಯಕ್ಷನಾದ ಅಣ್ಣನೇ. ಅದೂ ರಜೆಯ ದಿನವೂ ಕದ್ದು ಕತ್ತರಿಯಾಡಿಸುತ್ತಿದ್ದ ಜೆಲ್ ರಾಜನನ್ನು ಮಟ್ಟ ಹಾಕಲೆಂದೇ.

ಅಂತ್ಯ ಒಂದು: ಅಣ್ಣ ರಾಜೀನಾಮೆ ಬಿಸಾಕುತ್ತಾನೆ. ("ಅವನ ಮುಂದೆಯಾ? ಸತ್ರೂ ಇಲ್ಲ," ಅಂದ ಅಣ್ಣ.)

ಅಂತ್ಯ ಎರಡು: ಮದುವೆ ಮುಂದಕ್ಕೆ ಹೋಗುತ್ತದೆ. ("ಹುಡುಗೀನ ಕೇಳಿ ಬರೀರಿ, ಧೈರ್ಯ ಇದ್ರೆ," ಅಂದ ತಮ್ಮ.)

ಅಂತ್ಯ ಮೂರು ನನಗೂ ಗೊತ್ತಿಲ್ಲ. ನೀವು ಸುಮ್ಮನೆ ನನ್ನ ಮುಖ ನೋಡಬೇಡಿ.

"ಹೋಗ್ಲಿ ಅಣ್ಣಾ, ಕುತ್ತಿಗೆದು ಈ ಬಟ್ಟೆನಾದ್ರೂ ಬಿಚ್ಚು. ಸೆಕೆ."

ಅಣ್ಣನ ಕೈ ಅರ್ಧಕ್ಕೇ ನಿಂತಿತು.

"ಬಿಚ್ಚೋದೂ ಕೆಲಸದ ಲೆಕ್ಕಕ್ಕೇ ಬರುತ್ತೆ ಕಣೋ."