ಸೋಡಾ ಅನ್ನುತ್ತಿದ್ದವಳು

ಅವನು ತಂಪು ಪಾನೀಯದ ವ್ಯಾನ್ ಓಡಿಸುತ್ತಿದ್ದ. ಅಂಗಡಿ ಅಂಗಡಿಗೆ ಕ್ರೇಟು ಇಳಿಸಿ, ಖಾಲಿ ಬಾಟಲಿ ತುಂಬಿಕೊಂಡು ಬರುವ ಕೆಲಸ. ಒಂದೇ ಬಾಟಲಿಗೆ ಊರಿಗೊಂದು ಹೆಸರು. ಪೇಟೆಯವರಿಗೆ ಅದು ಕೂಲ್‌ಡ್ರಿಂಕ್ಸ್. ಗುಡ್ಡದ ಕಡೆಯವರು ಕಿತ್ತಳೆ ಬಣ್ಣದ್ದಿರಲಿ, ಕಪ್ಪಿರಲಿ, ಎಲ್ಲಕ್ಕೂ ಸೋಡಾ ಅನ್ನುತ್ತಾರೆ. ಸೇತುವೆ ದಾಟಿದರೆ ಅದೇ ಕಲರ್. ಗಿರಾಕಿ ಬಾಯಿ ತೆರೆದರೆ ಸಾಕು, ಯಾವ ಕಡೆಯವನೆಂದು ಅವನಿಗೆ ತಿಳಿಯುತ್ತಿತ್ತು.

ಹೆಂಡತಿ ಗುಡ್ಡದ ಕಡೆಯವಳು. ಮದುವೆಯಾದ ಹೊಸದರಲ್ಲಿ ಸೋಡಾ ಬೇಕೆಂದಾಗ ಅವನು ಬರೀ ಸೋಡಾ ತಂದುಕೊಟ್ಟಿದ್ದಕ್ಕೆ ಅವಳು ಮುಖ ಊದಿಸಿಕೊಂಡಿದ್ದಳು. ಆಮೇಲೆ ಆ ಪದ ಅವಳ ಬಾಯಲ್ಲಿ ಕೇಳುವುದೇ ಅವನಿಗೊಂದು ಖುಷಿ.

ಒಂದು ಭಾನುವಾರ ಅವನ ಅಕ್ಕ, ಭಾವ ಊಟಕ್ಕೆ ಬಂದಿದ್ದರು. ಅಡುಗೆಮನೆಯಿಂದ ಹೆಂಡತಿ, "ಫ್ರಿಜ್ಜಲ್ಲಿ ಕಲರ್ ಇದೆ, ಎಲ್ಲರಿಗೂ ಹಾಕ್ಕೊಡಿ" ಅಂದಳು.

ಅವನ ಕೈ ಫ್ರಿಜ್ಜಿನ ಬಾಗಿಲ ಮೇಲೇ ನಿಂತಿತು. ಸೇತುವೆಯಾಚೆಯ ಮಾತು ಇವಳಿಗೆ ಯಾರು ಕಲಿಸಿದರು?

ಅವಳು ಕನ್ನಡಕದ ಅಂಗಡಿಯಲ್ಲಿ ಕೌಂಟರು ನೋಡಿಕೊಳ್ಳುತ್ತಿದ್ದಳು. ಅಲ್ಲಿ ಲೆನ್ಸ್ ಕೂರಿಸಲು ಹೊಸಬನೊಬ್ಬ ಬಂದಿದ್ದ. ಗುಂಗುರು ಕೂದಲಿನವನಾದ್ದರಿಂದ ಎಲ್ಲರೂ ಅವನನ್ನು ಗುಂಗುರು ಎಂದೇ ಕರೆಯುತ್ತಿದ್ದರು. ಅವನ ಕೈ ಒಂಚೂರೂ ನಡುಗುವುದಿಲ್ಲವೆಂದು ಅವಳು ಹೊಗಳಿದ್ದು ಈಗ ನೆನಪಾಯಿತು. ಅವನು ಸೇತುವೆಯಾಚೆಯವನೇ ಇರಬೇಕು.

ಮರುದಿನವೇ ಕನ್ನಡಕದ ಕಡ್ಡಿ ಸಡಿಲವಾಗಿದೆಯೆಂಬ ನೆಪದಲ್ಲಿ ಅಂಗಡಿಗೆ ಹೋದ. ನಿಜವಾಗಿ ಸಡಿಲವಾಗಿರಲಿಲ್ಲ, ವ್ಯಾನಿನಲ್ಲಿ ಕುಳಿತು ತಾನೇ ತಿರುಪು ಬಿಚ್ಚಿದ್ದ. ಗುಂಗುರು ತಲೆ ಬಗ್ಗಿಸಿ ತಿರುಪು ಬಿಗಿಯುತ್ತಿದ್ದರೆ ಇವನು ಒಮ್ಮೆ ಆ ಬೆರಳುಗಳನ್ನು, ಒಮ್ಮೆ ಹೆಂಡತಿಯ ಮುಖವನ್ನು ನೋಡುತ್ತಿದ್ದ. ಅವಳು ಗಿರಾಕಿಯೊಬ್ಬರಿಗೆ ಫ್ರೇಮು ತೋರಿಸುವುದರಲ್ಲಿದ್ದಳು. ಕೊನೆಗೆ ವ್ಯಾನಿನಿಂದ ಒಂದು ಬಾಟಲಿ ತಂದು, ಏನನ್ನುತ್ತಾನೋ ನೋಡೋಣವೆಂದು ಗುಂಗುರುವಿನ ಮುಂದಿಟ್ಟ.

"ಬೇಡ ಅಣ್ಣ, ಕೂಲ್‌ಡ್ರಿಂಕ್ಸ್ ಕುಡಿದ್ರೆ ನಂಗೆ ಗ್ಯಾಸಾಗತ್ತೆ."

ಪೇಟೆಯವನು! ಎದೆಯ ಮೇಲಿನ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ. ಇವನಲ್ಲದಿದ್ದರೆ ಇನ್ಯಾರು?

ಸಂಜೆ ತಡೆಯಲಾರದೆ, ಕಲರ್ ಅನ್ನುವುದನ್ನು ಯಾರು ಕಲಿಸಿದರೆಂದು ಹೆಂಡತಿಯನ್ನು ಕೇಳಿಯೇಬಿಟ್ಟ. ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು.

"ನಿಮ್ಮಿಂದಲೇ ಕಲಿತೆ. ಒಂದು ವರ್ಷದಿಂದ ನೀವು ಕಲರ್ ಅಂತಿದೀರಿ. ನಿಮಗದು ಗೊತ್ತೇ ಇಲ್ಲ. ಬೇಕಂತಲೇ ಅಂದೆ, ನಿಮ್ಮ ಮುಖ ಹೇಗಾಗತ್ತೆ ನೋಡೋಣ ಅಂತ."

ಆ ಕಡೆ ದಿನಾ ಓಡಾಡುವವನ ಬಾಯಿಗೆ ಆ ಮಾತು ಬರುವುದು ಸಹಜವಲ್ಲವೇ ಎಂದು ಅವನು ವಾದಿಸಿದ. ಗುಡ್ಡದ ಕಡೆಗೂ ಹೋಗುತ್ತೀರಲ್ಲ, ಅಲ್ಲಿಯ ಮಾತು ಯಾಕೆ ಅಂಟಲಿಲ್ಲ ಎಂದು ಅವಳು ಕೇಳಿದಳು.

"ಸೇತುವೆಯಾಚೆ ಬೇಕರಿ ನಡೆಸ್ತಾರಲ್ಲ, ಅವರನ್ನ ಮೊದಲು ಬೇಕರಿ ಅಕ್ಕ ಅಂತಿದ್ರಿ. ಆಮೇಲೆ ಅಕ್ಕ ಹೋಯ್ತು. ಈಗ ಬರೀ 'ಅವಳು' ಅಂತೀರಿ. ಅವಳು ಹಾಗಂದ್ಲು, ಅವಳು ಹೀಗಂದ್ಲು. ನಾನು ಲೆಕ್ಕಕ್ಕೇ ಇಲ್ಲ."

ತನಗೂ ಬೇಕರಿಯವಳಿಗೂ ನಡುವೆ ಏನೂ ಇಲ್ಲವೆಂದು ಅವನು ಆಣೆ ಮಾಡಿದ. ಅದು ಸುಳ್ಳಲ್ಲ. ಆದರೂ ಬೇಕರಿಯ ತಿರುವು ಬಂದಾಗ ಕನ್ನಡಿಯಲ್ಲಿ ತಲೆಗೂದಲು ಸರಿಮಾಡಿಕೊಳ್ಳುತ್ತಿದ್ದದ್ದು ನೆನಪಾಯಿತು. ಅವಳು ಬಟ್ಟೆಯ ರಾಶಿ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಅವನು ಸೂಪರ್‌ವೈಸರ್ ಹತ್ತಿರ ಹೋಗಿ ಸೇತುವೆಯಾಚೆಯ ರೂಟು ಬೇಡವೆಂದ. ಅದು ಇನ್ನೊಬ್ಬ ಡ್ರೈವರ್ ಪಾಲಾಯಿತು. ಕೆಲವೇ ದಿನಗಳಲ್ಲಿ ಆ ಡ್ರೈವರ್, ಬೇಕರಿಯವಳು ಫ್ಯಾನ್ ಕೆಳಗೆ ಕುರ್ಚಿ ಹಾಕಿ ಕೂರಿಸುತ್ತಾಳೆ, ಬಿಸಿ ಬನ್ನು ಕೊಡುತ್ತಾಳೆ ಎಂದು ಗೋದಾಮಿನಲ್ಲಿ ಜಂಬ ಕೊಚ್ಚಿಕೊಂಡ. ತನಗೆ ಮಾತ್ರ ಎಂದುಕೊಂಡಿದ್ದ ಕುರ್ಚಿ! ಕ್ರೇಟಿಗೆ ಹಗ್ಗ ಬಿಗಿದ ರಭಸಕ್ಕೆ ಇವನ ಅಂಗೈ ಕೆಂಪಾಯಿತು.

ಮನೆಗೆ ಬಂದಾಗ ಮುಖ ಯಾಕೆ ಹಾಗಿದೆ ಎಂದು ಹೆಂಡತಿ ಕೇಳಿದಳು. ಮುಚ್ಚಿಡಲು ಮನಸ್ಸಾಗಲಿಲ್ಲ. ನಡೆದದ್ದು ಹೇಳಿ, "ಹೊಟ್ಟೆ ಉರೀತು ಕಣೇ" ಅಂದ.

ಅವಳು ತಟ್ಟೆ ತಂದು ಅವನ ಮುಂದಿಟ್ಟಳು.

"ನಂಗೆ ಒಂದು ವರ್ಷ ಉರಿದಿದೆ. ನೀವೂ ಸ್ವಲ್ಪ ದಿನ ಅನುಭವಿಸಿ. ಈಗ ಊಟ ಮಾಡಿ."