ಎರಡು ಸಲ ಕೆಟ್ಟ ಬೂಟು

ಗುಡ್ಡದ ಮೇಲಿನ ನೀರಿನ ತೊಟ್ಟಿಗಳ ವಾಲ್ವು ತಿರುಗಿಸುವುದು ಸೊಸೆಯ ಕೆಲಸ. ದಾರಿಯೆಂದರೆ ಜಲ್ಲಿ, ಮುಳ್ಳು, ಹಳೆಯ ಬೇಲಿಯ ತಂತಿ. ಓಡಾಟಕ್ಕೆ ಕಚೇರಿಯವರು ಒಂದು ಎಟಿವಿ, ಅಂದರೆ ದಪ್ಪ ಗಾಲಿಗಳ ನಾಲ್ಕು ಚಕ್ರದ ಬೈಕು, ಕೊಟ್ಟಿದ್ದರು. ಮಾವ ಅದನ್ನು 'ನಾಲ್ಕು ಕಾಲಿನದು' ಎನ್ನುತ್ತಿದ್ದ. ಅದರ ಆಕ್ಸಲ್ಲಿನ ಕೀಲಿಗೆ ಮಡಿಕೆ ಮಡಿಕೆಯಾದ ರಬ್ಬರಿನ ಚೀಲ ತೊಡಿಸಿರುತ್ತಾರೆ. ಬೂಟು ಅಂತ ಅದರ ಹೆಸರು. ಅದು ತೂತಾದರೆ ಒಳಗಿನ ಗ್ರೀಸು ಹೊರಗೆ, ಹೊರಗಿನ ಮಣ್ಣು ಒಳಗೆ. ಆಮೇಲೆ ಕೀಲಿನ ಆಸೆ ಬಿಡಬೇಕು.

ಎರಡು ತಿಂಗಳಲ್ಲಿ ಎರಡು ಬೂಟು ಹೋದವು. ಮೊದಲನೆಯದು ಹೋದಾಗ ಮೆಕ್ಯಾನಿಕ್ ಕೆಳಗೆ ದಪ್ಪ ತಗಡಿನ ಕಾಪು ಕೂರಿಸಿದ್ದ. ಅದಿದ್ದೂ ಎರಡನೆಯದು ಹೋಯಿತು.

"ನಿನಗೆ ಗಾಡಿ ಓಡಿಸೋಕೆ ಬರಲ್ಲಮ್ಮ," ಎಂದುಬಿಟ್ಟ ಸೂಪರ್‌ವೈಸರ್. "ಸೋಮವಾರದಿಂದ ಗುಡ್ಡಕ್ಕೆ ಬೇರೆಯವರು ಹೋಗ್ಲಿ. ನೀನು ಒಳಗೆ ಫೈಲು ಜೋಡಿಸು."

ಗಾಡಿ ಬರುವ ಮುಂಚೆ ಆರು ವರ್ಷ ನಡೆದೇ ಆ ಗುಡ್ಡ ಹತ್ತಿದವಳು ಅವಳು. ಯಾವ ವಾಲ್ವಿಗೆ ಎಷ್ಟು ಸುತ್ತು ಎನ್ನುವುದು ಅವಳಿಗೆ ಬಾಯಿಪಾಠ. ಮನೆಯಲ್ಲಿ ಅವಳ ಸಿಟ್ಟನ್ನು ಪಾತ್ರೆಗಳು ಹೇಳಿದವು.

ಶನಿವಾರ ಮಾವ ಅವಳ ಜೊತೆ ವರ್ಕ್‌ಶಾಪಿಗೆ ಹೋದ.

"ನಿನ್ನ ತಗಡಿಗಿಂತ ನನ್ನ ಅಂಗಿ ಗಟ್ಟಿ ಕಣಯ್ಯ!"

"ಕೂತ್ಕೊಂಡು ಬಯ್ಯಿರಿ ಅಜ್ಜ, ನಿಂತು ಬಯ್ದರೆ ಸುಸ್ತಾಗುತ್ತೆ."

ಮೆಕ್ಯಾನಿಕ್ ಬೂಟನ್ನು ಕಾಲುಚೀಲದಂತೆ ಒಳಹೊರಗು ಮಾಡಿ ಬೆಳಕಿಗೆ ಹಿಡಿದ. ಮೂರು ಸಣ್ಣ ತೂತು, ಸಾಲಾಗಿ.

"ಕಲ್ಲಾದ್ರೆ ಉಬ್ಬಿನ ಮೇಲೆ ತರಚುತ್ತೆ, ತಂತಿಯಾದ್ರೆ ಸೀಳುತ್ತೆ. ಇದು ಮಡಿಕೆಯ ತಳದಲ್ಲಿ, ಯಾರೋ ಕೂತು ಚುಚ್ಚಿದ ಹಾಗಿದೆ. ಗಾಡಿ ತೊಳೆಯೋದು ಯಾರಮ್ಮ?"

"ನಾನು ನೀರು ಹುಯ್ತೀನಿ. ಸಂದಿಗೊಂದಿ ಎಲ್ಲ ಮಾವ."

"ಯಾವುದರಲ್ಲಿ ಅಜ್ಜ?"

ಮಾವ ನಲವತ್ತು ವರ್ಷ ಗೋದಾಮಿನಲ್ಲಿ ಗೋಣಿಚೀಲ ಹೊಲಿದವನು. ಸಂಜೆ ಗಾಡಿ ಅಂಗಳಕ್ಕೆ ಬಂದರೆ ನೆಲಕ್ಕೆ ಮಲಗಿ, ಮಡಿಕೆಗಳಲ್ಲಿ ಸುತ್ತಿಕೊಂಡ ಹುಲ್ಲು ನಾರನ್ನು ಗೋಣಿ ಹೊಲಿಯುವ ದಪ್ಪ ಸೂಜಿಯಿಂದ ಎಳೆಯೆಳೆಯಾಗಿ ಕೀಳುತ್ತಿದ್ದ. ಒಂದು ಎಳೆ ಉಳಿದರೂ ಅವನಿಗೆ ಊಟ ಸೇರುತ್ತಿರಲಿಲ್ಲ.

"ದಬ್ಬಳದಲ್ಲಿ," ಎಂದ.

ಮೆಕ್ಯಾನಿಕ್ ನಗಲಿಲ್ಲ. "ಗೋಣಿಗೆ ತೂತು ಬಿದ್ರೆ ನಡೆಯುತ್ತೆ ಅಜ್ಜ. ಇದಕ್ಕೆ ನೀರು, ಬೆರಳು, ಮೆತ್ತನೆ ಬ್ರಷ್ಷು. ಅಷ್ಟೇ."

ದಾರಿಯಲ್ಲಿ ಸೊಸೆ ಹೇಳಿದಳು: "ಕಲ್ಲು ಅಂತಲೇ ಇರಲಿ ಬಿಡಿ ಮಾವ. ಮುದುಕನ ಮೇಲೆ ಹಾಕಿ ಕೆಲಸ ಉಳಿಸ್ಕೊಂಡ್ಲು ಅಂತಾರೆ."

ಮಾವ ಮನೆಯ ಕಡೆ ತಿರುಗಲಿಲ್ಲ. ಬೂಟನ್ನು ಕೈಯಲ್ಲಿ ಹಿಡಿದೇ ಕಚೇರಿಯ ಮೆಟ್ಟಿಲು ಹತ್ತಿ, ದಬ್ಬಳದ ವಿಷಯ ಹೇಳಿದ.

"ಕಚೇರಿ ಗಾಡಿ ಮುಟ್ಟೋಕೆ ನೀವ್ಯಾರು?" ಎಂದ ಸೂಪರ್‌ವೈಸರ್.

"ಯಾರೂ ಅಲ್ಲ ಸ್ವಾಮಿ. ಅದಕ್ಕೇ ತಪ್ಪು ನಂದು, ಅವಳದಲ್ಲ."

ಸೂಪರ್‌ವೈಸರ್ ತೂತುಗಳನ್ನು ಬಹಳ ಹೊತ್ತು ನೋಡಿದ. ಗುಡ್ಡ ಸೊಸೆಗೇ ಉಳಿಯಿತು. ಗಾಡಿ ಮಾತ್ರ ಇನ್ನು ಮೇಲೆ ಕಚೇರಿಯ ಶೆಡ್ಡಿನಲ್ಲೇ ನಿಲ್ಲಬೇಕು, ಅವಳೇ ತೊಳೆಯಬೇಕು.

ಸೋಮವಾರ ಅವಳು ನಡೆದು ಮನೆಗೆ ಬಂದಳು.

"ಹುಲ್ಲು ಸುತ್ಕೊಂಡಿತ್ತು ಮಾವ. ಬೆರಳಲ್ಲೇ ತೆಗೆದೆ."

"ಎಲ್ಲಾ ಬಂತಾ?"

"ಒಂದೆರಡು ಎಳೆ ಉಳೀತು."

"ಇರಲಿ ಬಿಡು," ಎನ್ನಲು ಮಾವನಿಗೆ ಸ್ವಲ್ಪ ಹೊತ್ತು ಹಿಡಿಯಿತು.